ಸ್ವಂತ ಪ್ರಕಟಣೆಯಿಂದ ಪ್ರಕಾಶಕರ ಕಡೆಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ನನ್ನ ಮೊದಲ ಕಾದಂಬರಿಗಳನ್ನು ನಾನೇ ಪ್ರಕಟಿಸಿಕೊಂಡೆ. ಈಚಿನದನ್ನು ಒಬ್ಬ ಪ್ರಕಾಶಕರು ತಂದರು. ಅಂದಿನಿಂದ ಎದುರು ಸಿಕ್ಕವರು, ಪತ್ರ ಬರೆದವರು ಕೇಳುವ ಪ್ರಶ್ನೆಗಳು ಹೆಚ್ಚು ಕಡಿಮೆ ಒಂದೇ. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಕರಾರಿನ ಪದ್ಧತಿ ದೇಶಕ್ಕೊಂದು, ಸಂಸ್ಥೆಗೊಂದು ಥರ ಇರುತ್ತದೆ. ಇಲ್ಲಿ ಬರುವ ಪರ್ಸೆಂಟುಗಳು ಇಂಗ್ಲಿಷ್ ಪುಸ್ತಕೋದ್ಯಮದಲ್ಲಿ ಸಾಮಾನ್ಯವಾಗಿ ಕಾಣುವಂಥವು. ನಿಮ್ಮ ಕೈಗೆ ಬಂದ ಕರಾರಿನಲ್ಲಿ ಏನಿದೆಯೋ ಅದೇ ನಿಮಗೆ ಲೆಕ್ಕ.

## ಹೆಜ್ಜೆ ಇಡುವ ಮೊದಲು

ಸ್ವಂತವಾಗಿ ಚೆನ್ನಾಗೇ ನಡೀತಿತ್ತಲ್ಲ, ಪ್ರಕಾಶಕರ ಹತ್ತಿರ ಯಾಕೆ ಹೋದ್ರಿ?

ನಡೀತಿತ್ತು ನಿಜ. ನಡೆಸುತ್ತಿದ್ದವಳು ಮಾತ್ರ ನಾನೊಬ್ಬಳೇ. ಮುಖಪುಟ ಮಾಡುವವರ ಬೆನ್ನು ಹತ್ತಬೇಕು, ಪ್ರೂಫ್ ನೋಡಬೇಕು, ಫೈಲ್ ಅಪ್‌ಲೋಡ್ ಆಗದಿದ್ದರೆ ನಿದ್ದೆಗೆಟ್ಟು ಸರಿಮಾಡಬೇಕು. ಜಾಹೀರಾತಿಗೆ ಹಾಕಿದ ದುಡ್ಡು ಹುಟ್ಟಿತಾ ಇಲ್ಲವಾ ಅಂತ ಲೆಕ್ಕ ಹಾಕಬೇಕು. ಇದೆಲ್ಲ ಮುಗಿದು ಹೊತ್ತು ಮಿಕ್ಕರೆ ಬರೆಯಬೇಕು.

ಅಂಗಡಿ ಇನ್ನೊಂದು ಕಾರಣ. ಇ-ಪುಸ್ತಕ ಎಲ್ಲಿಗೆ ಬೇಕಾದರೂ ಹೋಗುತ್ತದೆ. ಅಚ್ಚಾದ ಪ್ರತಿಯನ್ನು ಪುಸ್ತಕದಂಗಡಿಯ ಕಪಾಟಿಗೆ, ಗ್ರಂಥಾಲಯಕ್ಕೆ ಒಬ್ಬರೇ ಮುಟ್ಟಿಸುವುದು ದೊಡ್ಡ ಪಾಡು. ಅಮೆರಿಕದ ಕಾದಂಬರಿಗಾರ್ತಿ ಅಮಾಂಡಾ ಹಾಕಿಂಗ್ ತಾವೇ ಪ್ರಕಟಿಸಿದ ಇ-ಪುಸ್ತಕಗಳಿಂದಲೇ ಚೆನ್ನಾಗಿ ದುಡಿದವರು. ಅವರೇ 2011ರಲ್ಲಿ ಸೇಂಟ್ ಮಾರ್ಟಿನ್ಸ್ ಪ್ರೆಸ್ ಜೊತೆ ನಾಲ್ಕು ಹೊಸ ಪುಸ್ತಕಗಳಿಗೆ ಕರಾರು ಮಾಡಿಕೊಂಡರು. ಅವರು ಕೊಟ್ಟ ಕಾರಣವೂ ಇಂಥದ್ದೇ: ಇಮೇಲು, ಮುಖಪುಟ, ಫಾರ್ಮ್ಯಾಟಿಂಗ್‌ ಗೊಡವೆ ಕಳೆದು ಬರೆಯೋಕೆ ಸಮಯ ಬೇಕಿತ್ತು.

ಜನ ಇದನ್ನು ಬಡ್ತಿ ಸಿಕ್ಕ ಹಾಗೆ ನೋಡುತ್ತಾರೆ, ಶುಭಾಶಯ ಕೂಡ ಹೇಳುತ್ತಾರೆ. ನನಗೆ ಅದೊಂದು ವ್ಯವಹಾರ ಅಷ್ಟೇ. ಹಿಡಿತ ಸ್ವಲ್ಪ ಬಿಟ್ಟುಕೊಟ್ಟೆ. ನಷ್ಟದ ಭಯವನ್ನು ಇನ್ನೊಬ್ಬರು ಹೊತ್ತುಕೊಂಡರು.

ಪ್ರಕಾಶಕರು ಅಂದ್ರೆ ಅಚ್ಚು ಹಾಕೋರು ತಾನೇ?

ಅಲ್ಲ. ಅಚ್ಚು ಹಾಕುವುದು ಪ್ರೆಸ್ಸು. ಪ್ರಕಾಶಕರು ಆ ಪ್ರೆಸ್ಸಿಗೂ ದುಡ್ಡು ಕೊಡುವವರು. ಹಸ್ತಪ್ರತಿಯ ಸಂಪಾದನೆ, ಪುಟ ವಿನ್ಯಾಸ, ಮುಖಪುಟ, ಕಾಗದ, ಸಾಗಣೆ, ಗೋದಾಮು, ವಿಮರ್ಶೆಗೆ ಪ್ರತಿ ಕಳಿಸುವುದು, ವಿತರಕರ ಜೊತೆ ಚೌಕಾಸಿ, ಎಲ್ಲವೂ ಅವರ ಖರ್ಚು. ಪುಸ್ತಕ ಓಡದಿದ್ದರೆ ಹೋಗುವುದೂ ಅವರ ದುಡ್ಡೇ. ನಿಮಗೆ ಕಡಿಮೆ ಪರ್ಸೆಂಟ್ ಯಾಕೆ ಅನ್ನುವುದಕ್ಕೆ ಉತ್ತರ ಇದರಲ್ಲೇ ಇದೆ.

ಪ್ರಕಟಿಸೋಕೆ ನಾನು ಎಷ್ಟು ದುಡ್ಡು ಕೊಡಬೇಕಾಗುತ್ತೆ?

ಏನೂ ಕೊಡಬೇಕಿಲ್ಲ. ಸಾಂಪ್ರದಾಯಿಕ ಪ್ರಕಟಣೆಯಲ್ಲಿ ದುಡ್ಡು ಲೇಖಕರ ಕಡೆಗೆ ಬರಬೇಕು. ಯಾರಾದರೂ "ನಿಮ್ಮ ಕೃತಿ ಆಯ್ಕೆಯಾಗಿದೆ, ಅರ್ಧ ಖರ್ಚು ನೀವು ಹಾಕಿದರೆ ಸಾಕು" ಅಂದರೆ ಅದು ಪ್ರಕಟಣೆಯ ಸೇವೆ ಮಾರುವ ಕಂಪನಿ. ಸೇವೆ ಮಾರುವುದು ತಪ್ಪಲ್ಲ. ಪ್ರಕಾಶಕರ ವೇಷದಲ್ಲಿ ಮಾರುವುದು ತಪ್ಪು. "ಪ್ಯಾಕೇಜ್" ಅನ್ನುವ ಪದ ಕೇಳಿದರೆ, ಲೇಖಕರು ಇಷ್ಟು ಪ್ರತಿ ಕೊಳ್ಳಲೇಬೇಕು ಅನ್ನುವ ಷರತ್ತು ಕಂಡರೆ, ಹಸ್ತಪ್ರತಿ ಕಳಿಸಿದ ಮರುದಿನವೇ ಹೊಗಳಿಕೆಯ ಸುರಿಮಳೆಯಾದರೆ ಹುಷಾರಾಗಿರಿ. ಸ್ವಂತವಾಗಿ ಪ್ರಕಟಿಸಿದವರ ಹೆಸರು, ಇಮೇಲ್ ಹುಡುಕುವುದು ಸುಲಭ. ಹಾಗಾಗಿ ಈ ಬಲೆ ನಮ್ಮಂಥವರಿಗೇ ಜಾಸ್ತಿ.

ಮೊದಲು ನಾನೇ ಪ್ರಕಟಿಸಿಕೊಂಡಿದ್ದೆ ಅಂತ ಗೊತ್ತಾದ್ರೆ ಕೀಳಾಗಿ ನೋಡ್ತಾರಾ?

ಹಿಂದೆ ಹಾಗಿತ್ತು. ಈಗ ಬಹುತೇಕ ಸಂಪಾದಕರು ಅದಕ್ಕೆ ತಲೆ ಕೆಡಿಸಿಕೊಳ್ಳುವುದಿಲ್ಲ. ಅವರು ನೋಡುವುದು ಆ ಪುಸ್ತಕ ಹೇಗಿದೆ, ಹೇಗೆ ಓಡಿತು ಅಂತ. ಮುಚ್ಚಿಡಬೇಡಿ. ನಿಮ್ಮ ಹೆಸರು ಹುಡುಕಿದರೆ ಒಂದು ನಿಮಿಷದಲ್ಲಿ ಗೊತ್ತಾಗುತ್ತದೆ.

ಈಗಾಗಲೇ ಬಂದಿರೋ ಪುಸ್ತಕಾನೇ ಕೊಡ್ಲಾ, ಹೊಸದು ಬರೀಬೇಕಾ?

ಹೊಸದು ಬರೆಯಿರಿ. ಹತ್ತರಲ್ಲಿ ಒಂಬತ್ತು ಮಂದಿಗೆ ನಾನು ಹೇಳುವುದು ಇದನ್ನೇ.

ಪ್ರಕಾಶಕರ ಕಡೆಯಿಂದ ಯೋಚಿಸಿ. ಒಂದು ಪುಸ್ತಕ ಹೊರಬಂದು ಕೆಲವೇ ನೂರು ಪ್ರತಿ ಹೋಗಿದೆ. ಕೊಳ್ಳುವವರು ಕೊಂಡಾಗಿದೆ ಅನ್ನುವ ಅನುಮಾನ ಅವರಿಗೆ ಬರುತ್ತದೆ. ಅದೇ ಪುಸ್ತಕ ಸಾವಿರಗಟ್ಟಲೆ ಹೋಗಿ, ಇನ್ನೂ ಹೋಗುತ್ತಲೇ ಇದ್ದರೆ ಮಾತೇ ಬೇರೆ. ಆಗ ಅವರ ಕಣ್ಣಿಗೆ ಕಾಣುವುದು ಅಂಗಡಿಯನ್ನು ಇನ್ನೂ ಮುಟ್ಟದ, ಆದರೆ ಓದುಗರು ಆಗಲೇ ಒಪ್ಪಿದ ಪುಸ್ತಕ. ಲೀಸಾ ಜೆನೋವಾ 2007ರಲ್ಲಿ ತಾವೇ ಪ್ರಕಟಿಸಿಕೊಂಡ ಮೊದಲ ಕಾದಂಬರಿಯನ್ನು 2009ರಲ್ಲಿ ಸೈಮನ್ ಅಂಡ್ ಶುಸ್ಟರ್ ಪ್ರಕಾಶನ ಮತ್ತೆ ತಂದಿತು. ಆಂಡಿ ವೀಯರ್ ಮಂಗಳ ಗ್ರಹದ ಕಾದಂಬರಿಯನ್ನು ತಮ್ಮ ವೆಬ್‌ಸೈಟಿನಲ್ಲಿ ಕಂತು ಕಂತಾಗಿ ಬಿಟ್ಟಿಯಾಗಿ ಹಾಕಿದ್ದರು. ಓದುಗರು ಕೇಳಿದರು ಅಂತ 2011ರಲ್ಲಿ ಅಮೆಜಾನ್ ಅಂಗಡಿಯ ಇ-ಪುಸ್ತಕ ವಿಭಾಗ ಕಿಂಡಲ್‌ಗೆ ಏರಿಸಿದರು. ಅದು ಓಡಿದ ರೀತಿ ನೋಡಿ ಕ್ರೌನ್ ಸಂಸ್ಥೆ ಹಕ್ಕು ಕೊಂಡು 2014ರಲ್ಲಿ ಪ್ರಕಟಿಸಿತು.

ಈ ಹೆಸರುಗಳು ಎಲ್ಲರ ಬಾಯಲ್ಲೂ ಇರುವುದು ಯಾಕೆಂದರೆ ಇಂಥವು ಕಡಿಮೆ. ಇವರ ಬಳಿ ಪ್ರಕಾಶಕರೇ ಬಂದದ್ದಕ್ಕೆ ಕಾರಣ ಮಾರಾಟ, ಅದಕ್ಕೂ ಮೊದಲು ಪುಸ್ತಕ. ಹಳೆಯದನ್ನು ಹಿಡಿದು ಮನೆ ಮನೆ ಬಾಗಿಲು ಬಡಿಯುವುದಕ್ಕಿಂತ ಹೊಸ ಹಸ್ತಪ್ರತಿಯ ಜೊತೆ ಹೋಗಿ, ಹಳೆಯದು ಹೇಗೆ ಓಡಿತು ಅಂತ ಒಂದು ಸಾಲಿನಲ್ಲಿ ಹೇಳುವುದು ಒಳ್ಳೆಯದು. ಹೊಸದು ಗೆದ್ದರೆ ಹಳೆಯದನ್ನು ಅವರೇ ಕೇಳುತ್ತಾರೆ.

ನನ್ನದು ಮಾಲಿಕೆ. ಎರಡು ಭಾಗ ನಾನೇ ತಂದೆ, ಮೂರನೇದನ್ನ ಕೊಡಬಹುದಾ?

ಮೂರನೆಯದನ್ನು ಮಾತ್ರ ಯಾರೂ ತೆಗೆದುಕೊಳ್ಳುವುದಿಲ್ಲ ಅಂತಲೇ ಇಟ್ಟುಕೊಳ್ಳಿ. ಮೊದಲೆರಡರ ಹಕ್ಕು, ಬೆಲೆ, ಮುಖಪುಟ ನಿಮ್ಮ ಕೈಯಲ್ಲಿರುವಾಗ ಮೂರನೆಯದನ್ನು ಮಾರುವುದು ಪ್ರಕಾಶಕರಿಗೆ ತಲೆನೋವು. ಕೊಡುವುದಾದರೆ ಪೂರ್ತಿ ಮಾಲಿಕೆ, ಇಲ್ಲವಾದರೆ ಮಾಲಿಕೆಯನ್ನು ನೀವೇ ಮುಗಿಸಿ, ಬೇರೆ ಕಥೆಯೊಂದಿಗೆ ಹೋಗಿ.

## ಹಸ್ತಪ್ರತಿ ಕಳಿಸುವಾಗ

ಏನೇನು ಕಳಿಸಬೇಕು? ಅಚ್ಚಾದ ಪುಸ್ತಕಾನೇ ಪೋಸ್ಟ್ ಮಾಡಿದ್ರೆ ಆಗಲ್ವಾ?

ಆಗಲ್ಲ, ಅವರೇ ಕೇಳಿದ್ದರ ಹೊರತು. ಪ್ರತಿ ಸಂಸ್ಥೆಯೂ ತನ್ನ ನಿಯಮ ಹಾಕಿರುತ್ತದೆ, ಅದನ್ನು ಮೊದಲು ಓದಿ. ಕಾದಂಬರಿಗೆ ಸಾಮಾನ್ಯವಾಗಿ ಕೇಳುವುದು ಒಂದು ಪುಟದ ಪತ್ರ, ಒಂದೆರಡು ಪುಟದ ಸಾರಾಂಶ, ಮೊದಲ ಮೂರು ಅಧ್ಯಾಯ ಅಥವಾ ಇಷ್ಟು ಪುಟ ಅಂತ. ಸಾರಾಂಶದಲ್ಲಿ ಅಂತ್ಯವನ್ನೂ ಹೇಳಬೇಕು. ಬೆನ್ನುಡಿಯ ಹಾಗೆ "ಮುಂದೇನಾಯಿತು?" ಅಂತ ನಿಲ್ಲಿಸುವುದಲ್ಲ. ಕಥೆಯೇತರ ಬರಹವಾದರೆ ಪೂರ್ತಿ ಬರೆಯುವ ಮೊದಲೇ ಪ್ರಸ್ತಾವ ಕಳಿಸಬಹುದು: ವಿಷಯ ಏನು, ಯಾರು ಓದುತ್ತಾರೆ, ನೀವೇ ಯಾಕೆ ಬರೆಯಬೇಕು, ಅಧ್ಯಾಯಗಳ ಪಟ್ಟಿ, ಮಾದರಿ ಅಧ್ಯಾಯ.

ಪತ್ರದಲ್ಲಿ "ನನ್ನ ಸ್ನೇಹಿತರೆಲ್ಲ ಮೆಚ್ಚಿದ್ದಾರೆ" ಅನ್ನುವ ಸಾಲನ್ನು ದಯವಿಟ್ಟು ತೆಗೆಯಿರಿ. ಸ್ನೇಹಿತರು ಇನ್ನೇನು ಹೇಳುತ್ತಾರೆ?

ಹಳೇ ಪುಸ್ತಕದ ಮಾರಾಟದ ಲೆಕ್ಕ ಕೇಳ್ತಾರಾ? ಸ್ವಲ್ಪ ಜಾಸ್ತಿ ಮಾಡಿ ಹೇಳಿದ್ರೆ?

ಕೇಳುತ್ತಾರೆ. ಜಾಸ್ತಿ ಮಾಡಿ ಹೇಳಬೇಡಿ. ಅಂಗಡಿಗಳ ಮಾರಾಟ ದಾಖಲಿಸುವ ನೀಲ್ಸನ್ ಬುಕ್‌ಸ್ಕ್ಯಾನ್‌ನಂಥ ವ್ಯವಸ್ಥೆಗಳಿವೆ, ಪ್ರಕಾಶಕರು ಅದನ್ನು ನೋಡುತ್ತಾರೆ. ಅದರಲ್ಲಿ ಇ-ಪುಸ್ತಕದ ಲೆಕ್ಕ ಸಿಗದು, ಹಾಗಾಗಿ ನಿಮ್ಮ ಖಾತೆಯ ಪುಟವನ್ನೇ ತೋರಿಸಿ ಅನ್ನಬಹುದು.

ಲೆಕ್ಕ ಹೇಳುವಾಗ ದುಡ್ಡಿಗೆ ಹೋದ ಪ್ರತಿ ಬೇರೆ, ಬಿಟ್ಟಿ ಹಂಚಿದ್ದು ಬೇರೆ, ಚಂದಾ ಕಟ್ಟಿ ಓದುವವರು ಓದಿದ ಪುಟಗಳು ಬೇರೆ ಅಂತ ಬಿಡಿಸಿ ಬರೆಯಿರಿ. ಎಷ್ಟು ಕಾಲದಲ್ಲಿ, ಯಾವ ಬೆಲೆಗೆ ಅನ್ನುವುದೂ ಇರಲಿ. ಐದು ಸಾವಿರ ಡೌನ್‌ಲೋಡ್ ಅಂತ ಬರೆದು ಅದರಲ್ಲಿ ನಾಲ್ಕೂವರೆ ಸಾವಿರ ಬಿಟ್ಟಿ ಅಂತ ಆಮೇಲೆ ಹೊರಬಿದ್ದರೆ, ಉಳಿದ ಮಾತನ್ನೂ ಯಾರೂ ನಂಬುವುದಿಲ್ಲ. ಲೆಕ್ಕ ಚಿಕ್ಕದಿದ್ದರೆ ಚಿಕ್ಕದು ಅಂತಲೇ ಹೇಳಿ, ಹೊಸ ಹಸ್ತಪ್ರತಿಯ ಬಗ್ಗೆ ಮಾತಾಡಿ.

ಏಜೆಂಟ್ ಬೇಕೇ ಬೇಕಾ?

ಏಜೆಂಟ್ ಅಂದರೆ ಲೇಖಕರ ಪರವಾಗಿ ಪ್ರಕಾಶಕರ ಜೊತೆ ವ್ಯವಹಾರ ಕುದುರಿಸುವವರು. ಬೇಕಾ ಅನ್ನುವುದು ನೀವು ಯಾವ ಭಾಷೆಯಲ್ಲಿ, ಯಾವ ಮಾರುಕಟ್ಟೆಗೆ ಬರೆಯುತ್ತೀರಿ ಅನ್ನುವುದರ ಮೇಲಿದೆ. ಇಂಗ್ಲಿಷ್‌ನ ದೊಡ್ಡ ಸಂಸ್ಥೆಗಳಲ್ಲಿ ಹಲವು, ಏಜೆಂಟ್ ಇಲ್ಲದೆ ಹಸ್ತಪ್ರತಿ ಮುಟ್ಟುವುದೇ ಇಲ್ಲ. ಸಣ್ಣ ಪ್ರಕಾಶಕರು ನೇರವಾಗಿ ನೋಡುತ್ತಾರೆ. ಏಜೆಂಟರೇ ಇಲ್ಲದ ಭಾಷೆಗಳೂ ಎಷ್ಟೋ ಇವೆ. ಇದ್ದರೆ ಅವರ ಕಮಿಷನ್ ಸಾಮಾನ್ಯವಾಗಿ ನಿಮ್ಮ ಗಳಿಕೆಯ 15 ಪರ್ಸೆಂಟ್, ಪರದೇಶದ ಹಕ್ಕಿಗೆ 20. ನಿಮಗೆ ದುಡ್ಡು ಬಂದಾಗ ಮಾತ್ರ ಅವರಿಗೂ ಬರುತ್ತದೆ. ಓದುವುದಕ್ಕೇ ಶುಲ್ಕ ಕೇಳುವವರಿಗೆ ಕೈಮುಗಿದು ಬನ್ನಿ.

ಎಷ್ಟು ದಿನ ಕಾಯಬೇಕು? ಒಂದೇ ಸಲ ನಾಲ್ಕು ಜನಕ್ಕೆ ಕಳಿಸಿದ್ರೆ ತಪ್ಪಾ?

ಆರು ವಾರದಿಂದ ಮೂರು ತಿಂಗಳು ಸಹಜ. ಇನ್ನೂ ಜಾಸ್ತಿ ಆಗುವುದೂ ಉಂಟು, ಉತ್ತರವೇ ಬಾರದಿರುವುದೂ ಉಂಟು. ಅವರ ನಿಯಮ ಬೇಡ ಅನ್ನದಿದ್ದರೆ ಹಲವರಿಗೆ ಒಟ್ಟಿಗೆ ಕಳಿಸಬಹುದು. ಹಾಗೆ ಕಳಿಸಿದ್ದೀನಿ ಅಂತ ಪತ್ರದಲ್ಲೇ ಒಂದು ಮಾತು ಹಾಕಿ. ಒಬ್ಬರು ಒಪ್ಪಿದ ಕೂಡಲೇ ಉಳಿದವರಿಗೆ ತಿಳಿಸಿ. ಕಾಯುವಾಗ ಇನ್ನೊಂದು ಬರೆಯಿರಿ, ದಿನಕ್ಕೆ ಹತ್ತು ಸಲ ಇಮೇಲ್ ತೆರೆದು ನೋಡಿದರೆ ಉತ್ತರ ಬೇಗ ಬರುವುದಿಲ್ಲ.

## ದುಡ್ಡಿನ ಮಾತು

ಅಲ್ಲಿ 70 ಪರ್ಸೆಂಟ್ ಬರ್ತಿತ್ತು, ಇಲ್ಲಿ 10 ಪರ್ಸೆಂಟ್. ತಲೆ ಕೆಟ್ಟಿದ್ಯಾ ನಿಮಗೆ?

ಈ ಪ್ರಶ್ನೆಯನ್ನು ಬಹಳ ಜನ ಬಹಳ ಪ್ರೀತಿಯಿಂದ ಕೇಳಿದ್ದಾರೆ. ಎರಡು ಪರ್ಸೆಂಟುಗಳನ್ನು ಪಕ್ಕ ಪಕ್ಕ ಇಟ್ಟು ನೋಡಬೇಡಿ. ಯಾವುದರ ಪರ್ಸೆಂಟ್, ಯಾರ ಖರ್ಚು ಕಳೆದ ಮೇಲೆ ಅಂತ ನೋಡಿ.

ಲೇಖಕರು ತಾವೇ ಪುಸ್ತಕ ಏರಿಸಿ ಮಾರುವ ಅಮೆಜಾನ್ ಕೆಡಿಪಿ ತಾಣದ 70 ಪರ್ಸೆಂಟ್ ಇ-ಪುಸ್ತಕಕ್ಕೆ ಮಾತ್ರ, ಅದೂ ಬೆಲೆ ಅವರು ಹೇಳಿದ ಮಿತಿಯೊಳಗಿದ್ದರೆ. ಇಲ್ಲದಿದ್ದರೆ 35. ಸಂಪಾದನೆ, ಮುಖಪುಟ, ಜಾಹೀರಾತು ಎಲ್ಲಕ್ಕೂ ಆ 70ರಲ್ಲೇ ನೀವು ಹುಡುಕಿಕೊಳ್ಳಬೇಕು. ಅಚ್ಚಿನ ಪ್ರತಿಯಾದರೆ ಮುದ್ರಣದ ಖರ್ಚು ಮೊದಲೇ ಕಳೆದುಹೋಗುತ್ತದೆ.

ಪ್ರಕಾಶಕರಲ್ಲಿ ಗಟ್ಟಿ ರಟ್ಟಿನ ಪ್ರತಿಗೆ 10ರಿಂದ 15, ಪೇಪರ್‌ಬ್ಯಾಕ್‌ಗೆ ಅದಕ್ಕಿಂತ ಕಡಿಮೆ, ಎಂಟರ ಆಸುಪಾಸು. ಇ-ಪುಸ್ತಕಕ್ಕೆ ಅವರಿಗೆ ಬಂದ ಮೊತ್ತದ 25. ಈ "ಅವರಿಗೆ ಬಂದ ಮೊತ್ತ" ಅನ್ನುವ ಕಡೆ ಬೆರಳಿಟ್ಟು ನಿಲ್ಲಿ. ಪುಸ್ತಕದ ಮೇಲೆ ಅಚ್ಚಾದ ಬೆಲೆ 100 ಅಂದುಕೊಳ್ಳಿ. ಅಂಗಡಿ, ವಿತರಕರ ರಿಯಾಯಿತಿ ಅರ್ಧ ಹೋಗಿ ಪ್ರಕಾಶಕರ ಕೈಗೆ 50 ಬರುತ್ತದೆ. ಅಚ್ಚಾದ ಬೆಲೆಯ ಮೇಲೆ 10 ಪರ್ಸೆಂಟ್ ಅಂದರೆ ನಿಮಗೆ 10. ಬಂದ ಮೊತ್ತದ ಮೇಲೆ 10 ಪರ್ಸೆಂಟ್ ಅಂದರೆ 5. ಕರಾರಿನಲ್ಲಿ ಎರಡಕ್ಕೂ ಬರೆಯುವುದು "10 ಪರ್ಸೆಂಟ್" ಅಂತಲೇ.

ಹಾಗಾದರೆ ಲಾಭ ಯಾವುದು? ನಿಮ್ಮ ಓದುಗರು ಹೆಚ್ಚಾಗಿ ಇ-ಪುಸ್ತಕ ಓದುವವರಾಗಿ, ನೀವು ವರ್ಷಕ್ಕೆ ಮೂರು ನಾಲ್ಕು ಬರೆಯುವವರಾಗಿ, ಜಾಹೀರಾತಿನ ಲೆಕ್ಕ ನಿಮಗೆ ಖುಷಿ ಕೊಡುವುದಾದರೆ ಸ್ವಂತ ದಾರಿಯಲ್ಲೇ ದುಡ್ಡು ಜಾಸ್ತಿ. ಇದನ್ನು ನಾನು ಸುಮ್ನೆ ಹೇಳುತ್ತಿಲ್ಲ, ಪ್ರಣಯ ಕಥೆ, ಪತ್ತೇದಾರಿ ಬರೆಯುವ ಎಷ್ಟೋ ಜನ ಹೀಗೇ ಬದುಕುತ್ತಿದ್ದಾರೆ. ನನ್ನ ಓದುಗರು ಕಾಗದದ ಪುಸ್ತಕದವರು. ಅಲ್ಲಿ ನನ್ನ 70 ಪರ್ಸೆಂಟ್‌ಗೆ ಅರ್ಥವೇ ಇರಲಿಲ್ಲ.

ಅಡ್ವಾನ್ಸ್ ಕೊಟ್ರು. ಪುಸ್ತಕ ಓಡದಿದ್ರೆ ವಾಪಸ್ ಕೊಡಬೇಕಾ?

ಮಾರಾಟ ಸಾಲದ್ದಕ್ಕೆ ವಾಪಸ್ ಕೊಡುವ ಪದ್ಧತಿ ಇಲ್ಲ. ಅಡ್ವಾನ್ಸ್ ಅಂದರೆ ಮುಂದೆ ಬರಬೇಕಾದ ರಾಯಲ್ಟಿಯನ್ನು, ಅಂದರೆ ಮಾರಾಟದಲ್ಲಿ ಲೇಖಕರಿಗೆ ಸಲ್ಲುವ ಪಾಲನ್ನು, ಮೊದಲೇ ಕೊಟ್ಟದ್ದು. ಅದು ತೀರುವವರೆಗೆ ಬೇರೆ ದುಡ್ಡು ಬರುವುದಿಲ್ಲ. ಆದರೆ ಹಸ್ತಪ್ರತಿಯನ್ನೇ ಕೊಡದಿದ್ದರೆ, ಅಥವಾ ಕೊಟ್ಟದ್ದು ಸ್ವೀಕಾರವಾಗದಿದ್ದರೆ ವಾಪಸ್ ಕೇಳುವ ಹಕ್ಕು ಅವರಿಗಿರುತ್ತದೆ. ಪೂರ್ತಿ ಮೊತ್ತ ಒಂದೇ ಸಲ ಬರುವುದೂ ಅಪರೂಪ: ಸಹಿಗೆ ಒಂದಿಷ್ಟು, ಹಸ್ತಪ್ರತಿ ಒಪ್ಪಿದಾಗ ಒಂದಿಷ್ಟು, ಪ್ರಕಟವಾದಾಗ ಉಳಿದದ್ದು. ಸಣ್ಣ ಪ್ರಕಾಶಕರಲ್ಲಿ ಅಡ್ವಾನ್ಸೇ ಇಲ್ಲದಿರಬಹುದು. ಆಗ ರಾಯಲ್ಟಿಯ ದರ ಸ್ವಲ್ಪ ಏರಿಸಿ ಅಂತ ಕೇಳುವುದರಲ್ಲಿ ತಪ್ಪೇನಿಲ್ಲ.

ರಾಯಲ್ಟಿ ಹಾಳೆ ಬಂತು. ಸಾವಿರ ಪ್ರತಿ ಹೋಗಿದೆ ಅಂತಿದೆ, ಕೈಗೆ ಸೊನ್ನೆ. ಮೋಸ ಮಾಡ್ತಿದ್ದಾರಾ?

ಮೊದಲು ಸಾಲು ಸಾಲಾಗಿ ಓದೋಣ. ಬೆಲೆ 100, ರಾಯಲ್ಟಿ ಅದರ ಮೇಲೆ 10 ಪರ್ಸೆಂಟ್, ಅಡ್ವಾನ್ಸ್ 10,000 ಅಂತ ಉದಾಹರಣೆಗೆ ಇಟ್ಟುಕೊಳ್ಳಿ.

ಮೊದಲ ಸಾಲು, ಕಳಿಸಿದ ಪ್ರತಿ 1,000. ಇದು ಅಂಗಡಿಗೆ ಹೋದದ್ದು, ಓದುಗರ ಕೈಗೆ ಹೋದದ್ದಲ್ಲ. ಎರಡನೆಯದು, ವಾಪಸ್ ಬಂದದ್ದು 180. ಮಾರಾಟವಾಗದ ಪ್ರತಿಯನ್ನು ಅಂಗಡಿಯವರು ಹಿಂದಿರುಗಿಸಬಹುದು ಅನ್ನುವ ಪದ್ಧತಿ ಅಮೆರಿಕದಲ್ಲಿ 1930ರ ದಶಕದ ಆರ್ಥಿಕ ಕುಸಿತದ ಕಾಲಕ್ಕೆ ಬೇರೂರಿದ್ದು. ಅಂಗಡಿಯವರು ಧೈರ್ಯವಾಗಿ ಪುಸ್ತಕ ತರಿಸಲಿ ಅಂತ ಮಾಡಿದ್ದು, ಇವತ್ತಿಗೂ ಹೋಗಿಲ್ಲ. ಮೂರನೆಯದು, ಮುಂದೆ ವಾಪಸ್ ಬರಬಹುದು ಅಂತ ತಡೆಹಿಡಿದದ್ದು 150. ಉಳಿದದ್ದು 670. ಅದರ ರಾಯಲ್ಟಿ 6,700. ಅಡ್ವಾನ್ಸ್ 10,000 ತೀರಲು ಇನ್ನೂ 3,300 ಬಾಕಿ. ಅದಕ್ಕೇ ಕೈಗೆ ಸೊನ್ನೆ.

ಸ್ವಂತ ಪ್ರಕಟಣೆಯಲ್ಲಿ ಬೆಳಗ್ಗೆ ಎದ್ದ ಕೂಡಲೇ ನಿನ್ನೆಯ ಮಾರಾಟ ನೋಡಿ ಅಭ್ಯಾಸವಾದವರಿಗೆ ಇದು ಕತ್ತಲೆಯಲ್ಲಿ ಕೂತ ಹಾಗೆ ಅನಿಸುತ್ತದೆ. ಲೆಕ್ಕ ಬರುವುದು ಸಾಮಾನ್ಯವಾಗಿ ವರ್ಷಕ್ಕೆರಡು ಸಲ, ಕೆಲವು ಕಡೆ ಒಂದೇ ಸಲ. ಕೇಳಬೇಕಾದ್ದು ಏನೆಂದರೆ, ತಡೆಹಿಡಿದ ಮೊತ್ತ ಯಾವಾಗ ಬಿಡುಗಡೆ ಆಗುತ್ತದೆ, ಅದಕ್ಕೆ ಮೇಲ್ಮಿತಿ ಇದೆಯಾ ಅಂತ. ಎರಡು ಮೂರು ಹಾಳೆ ಕಳೆದರೂ ಆ 150 ಅಲ್ಲೇ ಕೂತಿದ್ದರೆ ಪತ್ರ ಬರೆಯಿರಿ. ಲೆಕ್ಕ ಪರಿಶೀಲಿಸುವ ಹಕ್ಕು ಕರಾರಿನಲ್ಲಿ ಇದ್ದರೆ ಇಂಥ ಪತ್ರಕ್ಕೆ ಬೇಗ ಉತ್ತರ ಬರುತ್ತದೆ.

## ಕರಾರು

ಸಹಿ ಹಾಕಿದ್ರೆ ಪುಸ್ತಕ ಪೂರ್ತಿ ಅವರದ್ದಾಗಿಬಿಡುತ್ತಾ?

ಆಗಬಾರದು. ಬರೆದ ಕ್ಷಣದಿಂದ ಕೃತಿಸ್ವಾಮ್ಯ ನಿಮ್ಮದು. 1886ರ ಬರ್ನ್ ಒಪ್ಪಂದಕ್ಕೆ ಸೇರಿದ ದೇಶಗಳಲ್ಲಿ ಅದಕ್ಕೆ ನೋಂದಣಿಯ ಹಂಗೂ ಇಲ್ಲ. ನೀವು ಕೊಡುವುದು ಪ್ರಕಟಿಸುವ ಪರವಾನಗಿ: ಇಂಥ ಭಾಷೆಯಲ್ಲಿ, ಇಂಥ ರೂಪದಲ್ಲಿ, ಇಂಥ ಪ್ರದೇಶದಲ್ಲಿ, ಇಷ್ಟು ಕಾಲ. "ಕೃತಿಸ್ವಾಮ್ಯವನ್ನು ವರ್ಗಾಯಿಸಿದ್ದೇನೆ" ಅಂತ ಇದ್ದರೆ ಪೆನ್ನು ಕೆಳಗಿಡಿ. "ಶಾಶ್ವತವಾಗಿ", "ಎಲ್ಲ ರೂಪಗಳಲ್ಲಿ", "ಮುಂದೆ ಬರಬಹುದಾದ ಎಲ್ಲ ಮಾಧ್ಯಮಗಳಲ್ಲಿ" ಅನ್ನುವ ಮಾತುಗಳೂ ಅದೇ ಜಾತಿಯವು.

ಕರಾರು ಹನ್ನೆರಡು ಪುಟ ಇದೆ. ಯಾವ ಯಾವ ಕಲಮು ಮುಖ್ಯ?

ಎಲ್ಲವನ್ನೂ ಓದಿ, ಪುಸ್ತಕದ ಕರಾರು ಗೊತ್ತಿರುವ ವಕೀಲರಿಗೂ ತೋರಿಸಿ. ಆಸ್ತಿ ಪತ್ರ ನೋಡುವ ವಕೀಲರಿಗೆ ಇದರ ಸೂಕ್ಷ್ಮ ಗೊತ್ತಿರುವುದಿಲ್ಲ. ನನ್ನ ಕಣ್ಣು ಮೊದಲು ಹೋಗುವುದು ಹಕ್ಕು ವಾಪಸ್ ಬರುವ ಕಲಮಿಗೆ. "ಪುಸ್ತಕ ಅಚ್ಚಿನಲ್ಲಿ ಇಲ್ಲದಿದ್ದರೆ ಹಕ್ಕು ಲೇಖಕರಿಗೆ" ಅಂತ ಹಳೆಯ ಕರಾರುಗಳಲ್ಲಿ ಇರುತ್ತಿತ್ತು. ಇ-ಪುಸ್ತಕ, ಬೇಡಿಕೆ ಬಂದಾಗ ಒಂದೊಂದೇ ಪ್ರತಿ ಅಚ್ಚು ಹಾಕುವ ತಂತ್ರ ಬಂದ ಮೇಲೆ ಯಾವ ಪುಸ್ತಕವೂ ಅಚ್ಚಿನಿಂದ ಹೋಗುವುದೇ ಇಲ್ಲ. ವರ್ಷಕ್ಕೆ ಎರಡು ಪ್ರತಿ ಹೋದರೂ ಅದು "ಲಭ್ಯ"ವೇ. ಹಾಗಾಗಿ ಸಂಖ್ಯೆ ಕೇಳಿ: ಹನ್ನೆರಡು ತಿಂಗಳಲ್ಲಿ ಇಷ್ಟಕ್ಕಿಂತ ಕಡಿಮೆ ಮಾರಾಟವಾದರೆ, ನಾನು ಪತ್ರ ಕೊಟ್ಟ ಇಷ್ಟು ದಿನದಲ್ಲಿ ಹಕ್ಕು ನನಗೆ.

ಆಮೇಲೆ ಸ್ಪರ್ಧೆಯ ಕಲಮು. ಈ ಪುಸ್ತಕದ ಮಾರಾಟಕ್ಕೆ ಧಕ್ಕೆ ತರುವ ಬೇರೆ ಪುಸ್ತಕ ತರಬಾರದು ಅಂತ ಇರುತ್ತದೆ. ಬೇರೆಯವರಿಗೆ ಇದು ಸಣ್ಣ ಮಾತು. ಸ್ವಂತವಾಗಿ ಪ್ರಕಟಿಸುವ ಅಭ್ಯಾಸವಿರುವವರಿಗೆ ಕೈ ಕಟ್ಟಿಹಾಕಿದ ಹಾಗೆ. ಈಗಾಗಲೇ ಪ್ರಕಟವಾದ ನಿಮ್ಮ ಪುಸ್ತಕಗಳ ಹೆಸರುಗಳನ್ನು ಪಟ್ಟಿ ಮಾಡಿ, "ಇವುಗಳಿಗೆ ಅನ್ವಯಿಸದು" ಅಂತ ಸೇರಿಸಿ. ಅವಧಿಯನ್ನೂ ಕಟ್ಟಿಹಾಕಿ.

ಮುಂದಿನ ಪುಸ್ತಕ ಮೊದಲು ನಮಗೇ ತೋರಿಸಬೇಕು ಅನ್ನುವ ಕಲಮು ಇದ್ದರೆ, ಅದು ಒಂದೇ ಪುಸ್ತಕಕ್ಕೆ ಇರಲಿ, ಉತ್ತರಕ್ಕೆ ದಿನದ ಗಡುವು ಇರಲಿ. ಆಡಿಯೋ, ಅನುವಾದ, ಸಿನಿಮಾ ಹಕ್ಕುಗಳನ್ನು ಅವರು ಕೇಳಿದರೆ, ಅದರಲ್ಲಿ ಅವರು ಈವರೆಗೆ ಏನು ಮಾಡಿದ್ದಾರೆ ಅಂತ ನೀವೂ ಕೇಳಿ. ಎಐ ತರಬೇತಿಗೆ ಕೃತಿಯನ್ನು ಕೊಡುವ ವಿಚಾರ ಕರಾರಿನಲ್ಲಿ ಇಲ್ಲದಿದ್ದರೆ, ನನ್ನ ಲಿಖಿತ ಒಪ್ಪಿಗೆ ಇಲ್ಲದೆ ಕೊಡಬಾರದು ಅಂತ ಸೇರಿಸಿ. ಕೇಳಿದ್ದಕ್ಕೆ ಯಾರೂ ಕರಾರು ಹರಿದುಹಾಕುವುದಿಲ್ಲ. ಹರಿದುಹಾಕಿದರೆ ಬಚಾವಾದಿರಿ ಅಂತಲೇ ತಿಳಿಯಿರಿ.

ಕಾಗದದ್ದು ಅವರಿಗೆ ಕೊಟ್ಟು ಇ-ಪುಸ್ತಕ ನಾನೇ ಇಟ್ಕೋಬಹುದಾ?

ಕೇಳಬಹುದು. ಸಿಗುವುದು ಕಷ್ಟ. ಅಮೆರಿಕದ ಲೇಖಕ ಹ್ಯೂ ಹೋವಿ 2012ರಲ್ಲಿ ಸೈಮನ್ ಅಂಡ್ ಶುಸ್ಟರ್‌ಗೆ ಅಚ್ಚಿನ ಹಕ್ಕು ಮಾತ್ರ ಕೊಟ್ಟು ಇ-ಪುಸ್ತಕವನ್ನು ತಮ್ಮಲ್ಲೇ ಇಟ್ಟುಕೊಂಡರು. ಆಗಲೇ ಅವರ ಇ-ಪುಸ್ತಕ ಭರ್ಜರಿಯಾಗಿ ಓಡುತ್ತಿತ್ತು, ಕರಾರು ಆಗದಿದ್ದರೂ ಅವರಿಗೆ ನಷ್ಟವಿರಲಿಲ್ಲ. ಬೇಡ ಅಂತ ಎದ್ದು ಹೋಗುವ ಧೈರ್ಯ ಇದ್ದವರಿಗೆ ಮಾತ್ರ ಇಂಥ ಕರಾರು ಕುದುರುತ್ತದೆ. ದೊಡ್ಡ ಸಂಸ್ಥೆಗಳಿಗಿಂತ, ಇ-ಪುಸ್ತಕದ ವ್ಯವಹಾರಕ್ಕೇ ಕೈ ಹಾಕದ ಸಣ್ಣ ಪ್ರಕಾಶಕರು ಬೇಗ ಒಪ್ಪುತ್ತಾರೆ.

## ಸಹಿ ಆದ ಮೇಲೆ

ಹಳೇ ಆವೃತ್ತಿ ತೆಗೆಯೋದು ಹೇಗೆ? ಅಷ್ಟೊಂದು ರಿವ್ಯೂ ಬಂದಿದೆ, ಹೋಗಿಬಿಡ್ತವಾ?

ಮೊದಲು ದಿನಾಂಕ ನಿಗದಿ ಮಾಡಿಕೊಳ್ಳಿ. ಹೊಸದು ಬರುವ ಎಷ್ಟು ದಿನ ಮೊದಲು ಹಳೆಯದನ್ನು ನಿಲ್ಲಿಸಬೇಕು ಅಂತ ಪ್ರಕಾಶಕರನ್ನೇ ಕೇಳಿ. ಇ-ಪುಸ್ತಕವನ್ನು ಅಮೆಜಾನ್ ಒಂದರಲ್ಲೇ ಮಾರುವ ಯೋಜನೆಯಾದ ಕೆಡಿಪಿ ಸೆಲೆಕ್ಟ್‌ಗೆ ಸೇರಿಸಿದ್ದರೆ ಅದರ ಅವಧಿ 90 ದಿನ, ತಾನಾಗಿಯೇ ಮುಂದುವರಿಯುತ್ತದೆ. ಆ ಮುಂದುವರಿಕೆಯ ಟಿಕ್ ಇವತ್ತೇ ತೆಗೆಯಿರಿ. ಪುಸ್ತಕ ಮಾರಾಟದಿಂದ ತೆಗೆದರೂ ಆ 90 ದಿನ ಮುಗಿಯುವವರೆಗೆ ಬೇರೆ ಕಡೆ ಇ-ಪುಸ್ತಕ ತರುವ ಹಾಗಿಲ್ಲ. ಪೇಪರ್‌ಬ್ಯಾಕ್‌ ಪುಟ ಅಮೆಜಾನ್‌ನಲ್ಲಿ ಉಳಿದೇ ಇರುತ್ತದೆ, ಹಳೆಯ ಪ್ರತಿ ಮರುಮಾರಾಟ ಮಾಡುವವರಿಗಾಗಿ. ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ಹೊಸ ಆವೃತ್ತಿಗೆ ಹೊಸ ಗುರುತಿನ ಸಂಖ್ಯೆ, ಅಂದರೆ ಐಎಸ್‌ಬಿಎನ್ ಬರುತ್ತದೆ. 2007ರಿಂದ 13 ಅಂಕಿ ಇರುವ ಆ ಸಂಖ್ಯೆಯೊಳಗೆ ಪ್ರಕಾಶಕರ ಗುರುತೂ ಸೇರಿದೆ, ಹಾಗಾಗಿ ನಿಮ್ಮ ಹಳೆಯ ಸಂಖ್ಯೆಯನ್ನು ಅವರು ಬಳಸುವ ಹಾಗಿಲ್ಲ. ರಿವ್ಯೂಗಳ ವಿಚಾರಕ್ಕೆ ಬಂದರೆ, ಪುಸ್ತಕ ಹೆಚ್ಚು ಕಡಿಮೆ ಅದೇ ಆಗಿದ್ದರೆ ಎರಡು ಆವೃತ್ತಿಗಳನ್ನು ಜೋಡಿಸಿ ಅಂತ ಅಂಗಡಿಯ ಸಹಾಯ ವಿಭಾಗಕ್ಕೆ ಕೇಳಬಹುದು. ಹೆಸರು ಬದಲಾಗಿ, ಅರ್ಧ ಕಥೆಯೂ ಬದಲಾಗಿದ್ದರೆ ಜೋಡಿಸುವುದು ನ್ಯಾಯವೂ ಅಲ್ಲ. ಓದುಗರು ರಿವ್ಯೂ ಬರೆಯುವ ತಾಣವಾದ ಗುಡ್‌ರೀಡ್ಸ್‌ನಲ್ಲಿ ಒಂದೇ ಕೃತಿಯ ಎಲ್ಲ ಆವೃತ್ತಿಗಳೂ ಒಂದೇ ಕಡೆ ಸೇರುತ್ತವೆ. ಮನೆಯಲ್ಲಿ ಹಳೆಯ ಪ್ರತಿಗಳ ಕಟ್ಟು ಇದ್ದರೆ ಅದನ್ನು ಮಾರಬಹುದಾ ಅಂತ ಕರಾರಿಗೆ ಮೊದಲೇ ಕೇಳಿ ಬರೆಸಿಕೊಳ್ಳಿ.

ಸಂಪಾದಕರು ತಿದ್ದಿದ್ದೆಲ್ಲ ಒಪ್ಪಲೇಬೇಕಾ?

ಇಲ್ಲ. ಆದರೆ ಓದದೆ ಬೇಡ ಅನ್ನಬೇಡಿ. ನಾವೇ ರಾಜರಾಗಿದ್ದವರಿಗೆ ಈ ಹಂತ ಚುಚ್ಚುತ್ತದೆ. ಫೈಲ್ ತೆರೆದರೆ ಪುಟದ ತುಂಬ ಕೆಂಪು, ಅಂಚಿನಲ್ಲಿ ಸಾಲು ಸಾಲು ಟಿಪ್ಪಣಿ. ನನ್ನ ಕಾದಂಬರಿಯ ಅಂಚಿನಲ್ಲಿದ್ದ ಒಂದು: "ಹಿಂದಿನ ಪುಟದಲ್ಲಿ ಇವನು ಕೊಡೆಯನ್ನು ಬಸ್ಸಿನಲ್ಲೇ ಬಿಟ್ಟು ಇಳಿದ. ಇಲ್ಲಿ ಅದೇ ಕೊಡೆ ಬಿಚ್ಚುತ್ತಿದ್ದಾನೆ?" ಎಷ್ಟೋ ಜನ ಓದಿದ್ದ ಕರಡು ಅದು, ಯಾರಿಗೂ ಆ ಕೊಡೆ ಕಂಡಿರಲಿಲ್ಲ. ಇಂಥದ್ದಕ್ಕೆ ವಾದವೇ ಬೇಡ.

ಕೆಲಸ ಹಂತ ಹಂತವಾಗಿ ಬರುತ್ತದೆ. ಮೊದಲು ಕಥೆಯ ಕಟ್ಟಡದ ಬಗ್ಗೆ ಉದ್ದನೆಯ ಪತ್ರ, ಆಮೇಲೆ ವಾಕ್ಯಗಳು, ಆಮೇಲೆ ಕಾಗುಣಿತ ಮತ್ತು ಹೆಸರು ದಿನಾಂಕಗಳ ಹೊಂದಾಣಿಕೆ, ಕೊನೆಗೆ ಪ್ರೂಫ್. ದೊಡ್ಡ ಜಗಳ ಇದ್ದರೆ ಮೊದಲ ಹಂತದಲ್ಲೇ ಆಡಿ. ಪುಟ ಕಟ್ಟಿದ ಮೇಲೆ ಪ್ಯಾರಾ ಬದಲಿಸಿದರೆ ಖರ್ಚು ನಿಮ್ಮ ತಲೆಗೆ ಬರಬಹುದು, ಅದಕ್ಕೂ ಕರಾರಿನಲ್ಲಿ ಒಂದು ಕಲಮು ಇರುತ್ತದೆ. ಒಪ್ಪದ ಕಡೆ "ಮೊದಲಿದ್ದಂತೆ ಇರಲಿ" ಅಂತ ಬರೆದು ಕಾರಣ ಒಂದು ಸಾಲು ಕೊಡಿ. ಸಂಪಾದಕರು ಒಂದು ಕಡೆ ಎಡವಿದಿರಿ ಅಂದಾಗ ಅವರು ಕೊಟ್ಟ ಪರಿಹಾರ ಸರಿ ಇಲ್ಲದಿರಬಹುದು. ಎಡವಿದ ಜಾಗ ಮಾತ್ರ ಬಹುತೇಕ ಸರಿಯೇ ಇರುತ್ತದೆ.

ಮುಖಪುಟ ನನಗೆ ಇಷ್ಟ ಆಗ್ಲಿಲ್ಲ. ಬದಲಾಯಿಸಿ ಅನ್ನಬಹುದಾ?

ಅನ್ನಬಹುದು, ಕೇಳುತ್ತಾರೆ, ಕೊನೆಯ ಮಾತು ಸಾಮಾನ್ಯವಾಗಿ ಅವರದ್ದೇ. "ಲೇಖಕರ ಜೊತೆ ಚರ್ಚಿಸಿ" ಅನ್ನುವ ಮಾತನ್ನು ಕರಾರಿನಲ್ಲಿ ಹಾಕಿಸುವುದು ಸುಲಭ. "ಲೇಖಕರ ಒಪ್ಪಿಗೆ ಪಡೆದು" ಅಂತ ಹಾಕಿಸುವುದು ಕಷ್ಟ.

ಪ್ರಚಾರ ಇನ್ನು ಅವರೇ ನೋಡ್ಕೋತಾರೆ ಅಲ್ವಾ?

ಸ್ವಲ್ಪ ಮಟ್ಟಿಗೆ. ವಿಮರ್ಶಕರಿಗೆ ಪ್ರತಿ ಹೋಗುತ್ತದೆ, ಅಂಗಡಿಯವರಿಗೆ ಪಟ್ಟಿ ಹೋಗುತ್ತದೆ, ಪುಸ್ತಕ ಬಂದ ಮೊದಲ ವಾರಗಳಲ್ಲಿ ಓಡಾಟ ಇರುತ್ತದೆ. ಆಮೇಲೆ ಅವರ ಮುಂದಿನ ಪುಸ್ತಕದ ಸರದಿ. ಪ್ರಚಾರದ ದುಡ್ಡು ಹೋಗುವುದು ಆಗಲೇ ಓಡುತ್ತಿರುವ ಹೆಸರುಗಳ ಕಡೆಗೆ. ನಿಮ್ಮ ಓದುಗರ ಇಮೇಲ್ ಪಟ್ಟಿ ಇದ್ದರೆ ಅದನ್ನು ಯಾರಿಗೂ ಬಿಟ್ಟುಕೊಡಬೇಡಿ. ಸ್ವಂತ ಪ್ರಕಟಣೆಯಿಂದ ನೀವು ತಂದ ಆಸ್ತಿ ಅದು. ಇನ್ನು ಬೆಲೆ ಇಳಿಸಿ ಒಂದು ವಾರ ಮಾರುವ ಹಳೆಯ ಅಸ್ತ್ರ ಕೈಯಲ್ಲಿ ಇರುವುದಿಲ್ಲ, ಬೆಲೆ ಅವರು ಇಟ್ಟದ್ದು.

ಒಪ್ಪಿ ವರ್ಷ ಆಯ್ತು, ಇನ್ನೂ ಪುಸ್ತಕ ಬಂದಿಲ್ಲ. ಇದು ಸಹಜಾನಾ?

ದೊಡ್ಡ ಸಂಸ್ಥೆಗಳಲ್ಲಿ ಒಂದರಿಂದ ಎರಡು ವರ್ಷ ಸಹಜ. ಸಂಪಾದನೆಗಿಂತ ಜಾಸ್ತಿ ಸಮಯ ಹಿಡಿಯುವುದು ಮಾರಾಟದ ತಯಾರಿ. ಅಂಗಡಿಗಳು ತಿಂಗಳುಗಟ್ಟಲೆ ಮೊದಲೇ ಆರ್ಡರ್ ಹಾಕುತ್ತವೆ. ಆದರೆ ಗಡುವೇ ಇಲ್ಲದೆ ಬಿಡಬೇಡಿ. ಹಸ್ತಪ್ರತಿ ಒಪ್ಪಿದ ಇಷ್ಟು ತಿಂಗಳೊಳಗೆ ಪ್ರಕಟಿಸದಿದ್ದರೆ ಹಕ್ಕು ನನಗೆ, ಅಡ್ವಾನ್ಸೂ ನನ್ನದೇ ಅಂತ ಕರಾರಿನಲ್ಲಿ ಇರಬೇಕು.

## ಇನ್ನೂ ಮುಂದೆ

ಎರಡೂ ಒಟ್ಟಿಗೆ ಮಾಡೋಕಾಗುತ್ತಾ, ಇಲ್ಲಾ ಎರಡು ದೋಣಿ ಮೇಲೆ ಕಾಲಿಟ್ಟ ಹಾಗೆ ಆಗುತ್ತಾ?

ಎರಡೂ ಒಟ್ಟಿಗೆ ಮಾಡಬಹುದು, ಎಷ್ಟೋ ಜನ ಮಾಡುತ್ತಿದ್ದಾರೆ. ನಾನೂ ಸಣ್ಣ ಕಥೆಗಳ ಸಂಕಲನವನ್ನು ಸ್ವಂತವಾಗಿಯೇ ತರುವವಳು, ಯಾಕೆಂದರೆ ಅದಕ್ಕೆ ಪ್ರಕಾಶಕರು ಹಿಂಜರಿಯುತ್ತಾರೆ, ನನ್ನ ಓದುಗರು ಹಿಂಜರಿಯುವುದಿಲ್ಲ. ಸ್ಪರ್ಧೆಯ ಕಲಮು ಸಡಿಲ ಇರಬೇಕು, ಎರಡು ಪುಸ್ತಕ ಒಂದೇ ತಿಂಗಳು ಬರಬಾರದು, ಸಂಪಾದಕರಿಗೆ ಮೊದಲೇ ಹೇಳಿರಬೇಕು. ಪತ್ರಿಕೆಯಲ್ಲಿ ನೋಡಿ ಅವರಿಗೆ ಗೊತ್ತಾಗುವುದು ಚೆನ್ನಾಗಿರುವುದಿಲ್ಲ.

ಪ್ರಕಾಶಕರು ಕೈಬಿಟ್ರು, ಹಕ್ಕು ವಾಪಸ್ ಬಂತು. ಅದೇ ಪುಸ್ತಕ ಮತ್ತೆ ನಾನೇ ತರಬಹುದಾ?

ತರಬಹುದು. ಹಕ್ಕು ವಾಪಸ್ ಬಂದದ್ದಕ್ಕೆ ಪತ್ರ ಇರಲಿ, ಫೋನಿನ ಮಾತು ಸಾಲದು. ಮಾರಾಟದ ತಾಣಗಳು ಆ ಪತ್ರ ಕೇಳಬಹುದು. ವಾಪಸ್ ಬಂದದ್ದು ನಿಮ್ಮ ಬರಹ ಮಾತ್ರ. ಮುಖಪುಟ, ಪುಟ ವಿನ್ಯಾಸ ಅವರದ್ದು, ಅವರ ಸ್ಕ್ಯಾನ್ ಪ್ರತಿ ಹಾಕಿದರೆ ಅವರು ತೆಗೆಸಬಹುದು. ಆ ಫೈಲುಗಳನ್ನು ಕೊಡಿ ಅಂತ ಕೇಳಿ ನೋಡಿ, ಕೆಲವರು ಸಣ್ಣ ಮೊತ್ತಕ್ಕೆ ಕೊಟ್ಟುಬಿಡುತ್ತಾರೆ. ಗೋದಾಮಿನಲ್ಲಿ ಉಳಿದ ಪ್ರತಿಗಳನ್ನು ರದ್ದಿಗೆ ಹಾಕುವ ಮೊದಲು ನಿಮಗೆ ಕಡಿಮೆ ಬೆಲೆಗೆ ಕೊಡುವ ಕಲಮು ಬಹಳಷ್ಟು ಕರಾರುಗಳಲ್ಲಿ ಇರುತ್ತದೆ, ಉತ್ತರಕ್ಕೆ ಕೊಟ್ಟ ದಿನ ಮಾತ್ರ ಕಡಿಮೆ. ಅವರು ಅನುವಾದದ ಹಕ್ಕನ್ನು ಆಗಲೇ ಬೇರೆಯವರಿಗೆ ಮಾರಿದ್ದರೆ ಆ ಕರಾರು ಮುಂದುವರಿಯುತ್ತದೆ. ಅದರ ಪಾಲು ಇನ್ನು ಮೇಲೆ ಯಾರಿಗೆ, ಹೇಗೆ ಬರುತ್ತದೆ ಅನ್ನುವುದನ್ನು ಆ ಪತ್ರದಲ್ಲೇ ಬರೆಸಿಕೊಳ್ಳಿ.